ಹದಿನೇಳರ ಸೀರಮ್

ಹೋದ ಶನಿವಾರ ಮಧ್ಯಾಹ್ನ ಹೊಳವನಹಳ್ಳಿ ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು ಹಸಿ ಕಡ್ಲೆಕಾಯಿಯನ್ನು ಗಿಡದ ಸಮೇತ ಕಟ್ಟು ಕಟ್ಟಿಕೊಂಡು ಮಾರುತ್ತಿದ್ದಳು. ಶಾಲೆಯಲ್ಲಿ ಪಾಠ ಮುಗಿಸಿ ಕೊರಟಗೆರೆ ಬಸ್ಸಿಗೆ ಕಾಯುತ್ತಿದ್ದ ನಾನು ಒಂದು ಕಟ್ಟು ತೆಗೆದುಕೊಂಡೆ. ಬೇರಿಗೆ ಇನ್ನೂ ಒದ್ದೆ ಮಣ್ಣು ಮೆತ್ತಿಕೊಂಡಿತ್ತು. ಸೀರೆಗೆ ತಾಗದ ಹಾಗೆ ದೂರ ಹಿಡಿದು ಕೊಡವುತ್ತಿರುವಾಗ ಸಾಸಿವೆ ಕಾಳಿನಂಥ ಗಂಟುಗಳು ಬೆರಳಿಗೆ ಸಿಕ್ಕವು. ಯೋಚನೆಯೇ ಇಲ್ಲದೆ ಒಂದನ್ನು ಉಗುರಿನಿಂದ ಹಿಚುಕಿದೆ. ಉಗುರಿನ ಸಂದಿಗೆ ತಿಳಿಗೆಂಪು ರಸ ಇಳಿಯಿತು. ಮೂಗಿನ ಹತ್ತಿರ ಹಿಡಿದೆ. ಹಸಿ ಮಣ್ಣು, ಹಸಿ ಕಾಳು, ಅದರ ಹಿಂದೆಯೇ ತುಕ್ಕು ಹಿಡಿದ ಕಬ್ಬಿಣದಂಥ ಒಂದು ಸಣ್ಣ ವಾಸನೆ...

ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಆ ವಾಸನೆ ನನಗೆ ಗೊತ್ತಿದ್ದದ್ದು ಮಧುಗಿರಿಯ ಒಂದು ಲ್ಯಾಬಿನಲ್ಲಿ. ಲ್ಯಾಬು ಅಂದರೆ ದೊಡ್ಡದೇನಲ್ಲ, ಹಳೇ ಮನೆಯೊಂದರ ಎರಡು ಕೋಣೆ. ಮುಂದಿನದರಲ್ಲಿ ಮೇಜು ಕುರ್ಚಿ, ಕಾಗದ ಪತ್ರ. ಒಳಗಿನದರಲ್ಲಿ ಒಂದು ಫ್ರಿಜ್ಜು, ಗಾಜಿನ ಕೊಳವೆಗಳ ಬೀರು, ಕಲ್ಲಿನ ಕಟ್ಟೆ. ಹಿತ್ತಲಲ್ಲಿ ತಗಡಿನ ಶೆಡ್ಡು, ಅದರಲ್ಲಿ ಆರು ಮೊಲ. ನಾನು ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಸೇರುವ ಮೊದಲು ಒಂದೂವರೆ ವರ್ಷ ಅಲ್ಲಿ ಕೆಲಸ ಮಾಡಿದೆ. ದೊಡ್ಡೇರಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಟೆಂಪರರಿ ಕೆಲಸ, ಊರೂರು ಸುತ್ತಿ ರೈತರನ್ನು ನೋಡುವುದು. ಲ್ಯಾಬಿನ ಒಳಕೋಣೆಯಲ್ಲಿ ಇದ್ದವರು ಒಬ್ಬರೇ. ಅವರನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ನಮ್ಮ ಮೇಲಿನ ಸಾರ್, ಅಂದರೆ ಪ್ರಾಜೆಕ್ಟಿನ ಮುಖ್ಯಸ್ಥರು, ಅವರೂ ಅಕ್ಕ ಅನ್ನುತ್ತಿದ್ದರು. ಹೆಸರು ಹಾಜರಿ ಪುಸ್ತಕದಲ್ಲಿತ್ತು, ಯಾರ ಬಾಯಲ್ಲೂ ಇರಲಿಲ್ಲ.

ಅಕ್ಕ ಪಾವಗಡದ ಆಚೆ, ಆಂಧ್ರ ಗಡಿಗೆ ಅಂಟಿಕೊಂಡ ಹಳ್ಳಿಯವರು. ನಲವತ್ತು ದಾಟಿತ್ತು. ಗಂಡ ಇರಲಿಲ್ಲ, ಹೈಸ್ಕೂಲಿಗೆ ಹೋಗುವ ಒಬ್ಬಳು ಮಗಳಿದ್ದಳು. ಗಾಜಿನ ಸಾಮಾನು ತೊಳೆಯಲು ಸೇರಿದವರಂತೆ. ಓದಿದ್ದು ಪಿಯುಸಿ. ಹಿಂದೆ ಇದ್ದ ವಿಜ್ಞಾನಿಯೊಬ್ಬರು ಇವರ ಕೈ ನೋಡಿ ಒಂದೊಂದೇ ಕೆಲಸ ಕಲಿಸಿದ್ದರು. ನಾನು ಸೇರುವ ಹೊತ್ತಿಗೆ ಲ್ಯಾಬಿನ ಮುಖ್ಯ ಕೆಲಸವೆಲ್ಲ ಅವರ ಕೈಯಲ್ಲೇ ಇತ್ತು.

ಆ ಕೆಲಸ ಏನು ಅಂತ ನನ್ನ ಹುಡುಗಿಯರಿಗೆ ಕ್ಲಾಸಿನಲ್ಲಿ ಹೇಳುವ ಹಾಗೇ ಹೇಳುತ್ತೇನೆ. ಕಡ್ಲೆಕಾಯಿ ಗಿಡದ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಇರುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಗೊಬ್ಬರವಾಗಿ ಕೊಡುವುದು ಅದೇ. ಈ ಬ್ಯಾಕ್ಟೀರಿಯಾದಲ್ಲೂ ತಳಿಗಳಿವೆ. ಕೆಲವು ಚೆನ್ನಾಗಿ ದುಡಿಯುತ್ತವೆ, ಕೆಲವು ಗಂಟು ಕಟ್ಟಿಕೊಂಡು ಸುಮ್ಮನೆ ಕೂರುತ್ತವೆ. ಒಳ್ಳೆ ತಳಿಯನ್ನು ಕಪ್ಪು ಪುಡಿಯಲ್ಲಿ ಬೆರೆಸಿ ಪ್ಯಾಕೆಟ್ ಮಾಡಿ ರೈತರಿಗೆ ಕೊಟ್ಟರೆ, ಅವರು ಬೆಲ್ಲದ ನೀರಿನಲ್ಲಿ ಕಲಸಿ ಬಿತ್ತನೆ ಬೀಜಕ್ಕೆ ಹಚ್ಚುತ್ತಾರೆ. ಸರಿ. ಆದರೆ ಹೊಲದ ಮಣ್ಣಿನಲ್ಲಿ ಮೊದಲೇ ಬೇಕಾದಷ್ಟು ತಳಿಗಳಿವೆ. ಬೇರಿನಲ್ಲಿ ಕಟ್ಟಿದ ಗಂಟು ನಮ್ಮ ಪ್ಯಾಕೆಟ್ಟಿನದೋ, ಮಣ್ಣಿನದೋ? ಕಣ್ಣಿಗೆ ಎಲ್ಲ ಗಂಟೂ ಒಂದೇ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಒಂದೇ.

ಇಲ್ಲಿ ಮೊಲ ಬರುತ್ತದೆ. ಒಂದು ತಳಿಯ ಬ್ಯಾಕ್ಟೀರಿಯಾವನ್ನು ಕಾಯಿಸಿ ಸಾಯಿಸಿ ಮೊಲಕ್ಕೆ ಚುಚ್ಚಿದರೆ, ಕೆಲವು ವಾರಗಳಲ್ಲಿ ಅದರ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಆ ತಳಿಯನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯಗಳು. ಮೊಲದ ಕಿವಿಯಿಂದ ಸ್ವಲ್ಪ ರಕ್ತ ತೆಗೆದು, ಹೆಪ್ಪಾಗಲು ಬಿಟ್ಟು, ಮೇಲೆ ನಿಲ್ಲುವ ತಿಳಿಯನ್ನು ತೆಗೆದರೆ ಅದೇ ಸೀರಮ್. ಗಾಜಿನ ಪಟ್ಟಿಯ ಮೇಲೆ ಗಂಟಿನ ರಸದ ಒಂದು ಹನಿ, ಸೀರಮ್ಮಿನ ಒಂದು ಹನಿ. ಗಂಟಿನಲ್ಲಿರುವುದು ಅದೇ ತಳಿಯಾದರೆ ಎರಡು ಮೂರು ನಿಮಿಷದಲ್ಲಿ ಹನಿ ಹಾಲು ಒಡೆದ ಹಾಗೆ ಒಡೆಯುತ್ತದೆ. ಬೇರೆ ತಳಿಯಾದರೆ ಮಬ್ಬಾಗಿ ಹಾಗೇ ಇರುತ್ತದೆ. ಲ್ಯಾಬಿನಲ್ಲಿ ನಮ್ಮ ಮಾತೂ ಅದೇ ಆಗಿತ್ತು. ಒಡೀತಾ? ಒಡೀತು. ಒಡೀಲಿಲ್ಲ.

ಅಕ್ಕ ರಕ್ತ ತೆಗೆಯುವ ದಿನ ನಾನು ಶೆಡ್ಡಿಗೆ ಹೋಗಿ ನಿಲ್ಲುತ್ತಿದ್ದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊಲದ ಕಿವಿಗೆ ಸುತ್ತಿ, ನರ ಉಬ್ಬುವ ತನಕ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ತೆಲುಗಿನಲ್ಲಿ ಮಾತಾಡಿಸುತ್ತಿದ್ದರು. "ರಾ ನಾನಾ, ಅಯಿಪೋಯಿಂದಿ, ಅಯಿಪೋಯಿಂದಿ..." ಬಾ ಕಂದ, ಮುಗಿಯಿತು, ಮುಗಿಯಿತು ಅಂತ. ಸೂಜಿ ಇನ್ನೂ ಚುಚ್ಚಿಯೇ ಇರುತ್ತಿರಲಿಲ್ಲ. ಮೊಲ ನಂಬಿಕೊಂಡು ಕಣ್ಣು ಮುಚ್ಚುತ್ತಿತ್ತು. ಆಮೇಲೆ ಅದಕ್ಕೆ ಒಂದು ಹಿಡಿ ಕುದುರೆಮೆಂತೆ ಸೊಪ್ಪು, ನನಗೆ ಡಬ್ಬಿಯಿಂದ ಒಂದು ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಮೊಲಕ್ಕೂ ನನಗೂ ಅಕ್ಕ ದೊಡ್ಡ ವ್ಯತ್ಯಾಸ ಮಾಡುತ್ತಿರಲಿಲ್ಲ.

ನಮ್ಮಲ್ಲಿ ಎರಡು ತಳಿಗಳಿದ್ದವು. ಹನ್ನೊಂದು ಮತ್ತು ಹದಿನೇಳು ಅಂತ ಅವುಗಳ ನಂಬರು. ಎರಡಕ್ಕೂ ಬೇರೆ ಬೇರೆ ಸೀರಮ್ ಇತ್ತು. ಆ ವರ್ಷ ರೈತರಿಗೆ ಕೊಡಬೇಕೆಂದು ತೀರ್ಮಾನವಾದದ್ದು ಹದಿನೇಳು. ಅಕ್ಕ ಫ್ರಿಜ್ಜಿನಲ್ಲಿದ್ದ ಹದಿನೇಳರ ಮೂಲ ಕೊಳವೆಯಿಂದ ಒಂದಿಷ್ಟು ತೆಗೆದು ಬೇರೆ ಊರಿನ ತಯಾರಿಕಾ ಘಟಕಕ್ಕೆ ಕಳಿಸಿದರು. ಅಲ್ಲಿಂದ ಪ್ಯಾಕೆಟ್ಟುಗಳು ಬಂದವು. ಮುಂಗಾರಿನ ಮೊದಲು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನಲ್ಲಿ ಅವನ್ನು ಹಂಚಿದವಳು ನಾನು. ಬಸ್ಸು ಹೋಗುವ ಕಡೆ ಬಸ್ಸಿನಲ್ಲಿ, ಹೋಗದ ಕಡೆ ಸೋದರಮಾವನ ಹಳೇ ಮೊಪೆಡ್ಡಿನಲ್ಲಿ. ಕೊಟ್ಟು ಬರುವುದಷ್ಟೇ ಅಲ್ಲ, ಎದುರಿಗೆ ಕೂತು ಬೀಜಕ್ಕೆ ಹಚ್ಚಿಸಿ, ನೆರಳಿನಲ್ಲಿ ಹರಡಿಸಿ ಬರುತ್ತಿದ್ದೆ. ತೋವಿನಕೆರೆಯ ಒಬ್ಬ ಅಜ್ಜ ಪ್ಯಾಕೆಟ್ ಬಿಚ್ಚಿ ನೋಡಿ, "ಇದೇನಮ್ಮೋ, ಬೀಜದ ಮಕಕ್ಕೆ ಮಸಿ ಬಳ್ಯಕ್ಕೆ ಬಂದ್ಬುಟ್ಟಿದ್ದೀಯ?" ಅಂತ ನಕ್ಕಿದ್ದ. ನಕ್ಕುಕೊಂಡೇ ಅಂಗೈ ಕಪ್ಪಾಗುವ ತನಕ ಕಲಸಿದ.

ಬಿತ್ತಿದ ಒಂದೂವರೆ ತಿಂಗಳಿಗೆ ಮತ್ತೆ ಸುತ್ತಿದೆ. ಪ್ಯಾಕೆಟ್ ಹಾಕಿದ ಹೊಲದಿಂದ ಗಿಡ ಕಿತ್ತು ತರಬೇಕು. ಪಕ್ಕದಲ್ಲೇ ಇರುವ, ಪ್ಯಾಕೆಟ್ ಹಾಕದ ಹೊಲದಿಂದಲೂ ತರಬೇಕು. ಈ ಎರಡನೆಯದು ನನಗೆ ದೊಡ್ಡ ಕಿರಿಕಿರಿ. ಏನೂ ಕೊಡದೆ ಬರೀ ಗಿಡ ಕೀಳಲು ಬಂದವಳನ್ನು ಯಾರು ತಾನೇ ಪ್ರೀತಿಯಿಂದ ಕಂಡಾರು? ಸಾರ್ ಮಾತ್ರ ಪಟ್ಟು ಹಿಡಿದಿದ್ದರು. ಗಂಟುಗಳನ್ನು ಬಿಡಿಸಿ ಒಣಗಿಸಿ, ಸಣ್ಣ ಸೀಸೆಗಳಲ್ಲಿ ಹಾಕಿ, ಊರು, ರೈತರ ಹೆಸರು, ಹೊಲ ಎಲ್ಲ ಬರೆದು ಅಕ್ಕನ ಮುಂದೆ ಇಟ್ಟೆ.

ಮೊದಲು ತೋವಿನಕೆರೆಯ ಸೀಸೆ ತೆಗೆದರು. ಒಣ ಗಂಟನ್ನು ನೆನೆಸಿ, ಹಿಚುಕಿ, ಹದಿನೇಳರ ಸೀರಮ್ಮಿನ ಹನಿ ಬಿಟ್ಟು ಗಾಜಿನ ಪಟ್ಟಿಯನ್ನು ತೊಟ್ಟಿಲಿನ ಹಾಗೆ ಅತ್ತಿತ್ತ ತೂಗಿದರು. ಒಡೀಲಿಲ್ಲ. ಇನ್ನೊಂದು ಗಂಟು. ಒಡೀಲಿಲ್ಲ. "ಮಣ್ಣಿಂದೇ ಗೆದ್ದಿರಬೇಕು ಕಣಮ್ಮ," ಅಂದರು. ಮಾರನೆಯ ದಿನ ಶಿರಾ ಕಡೆಯದು. ಅದರ ಮಾರನೆಯ ದಿನ ಪಾವಗಡದ್ದು, ಅವರದೇ ಸೀಮೆಯ ಮಣ್ಣು. ಆಮೇಲೆ ನಮ್ಮ ದೊಡ್ಡೇರಿಯ ಹೊಲಗಳದು. ಒಂದೂ ಒಡೆಯಲಿಲ್ಲ.

ಸಾರ್ ನನ್ನನ್ನು ಕರೆದರು. ಕೆಟ್ಟವರಲ್ಲ ಅವರು. ಆದರೆ ಹಿಂದಿನ ವರ್ಷ ಇದೇ ಕೆಲಸದಲ್ಲಿದ್ದ ಒಬ್ಬರು ಅರ್ಧ ಪ್ಯಾಕೆಟ್ಟುಗಳನ್ನು ಯಾವುದೋ ಕೆರೆ ಏರಿಯ ಕೆಳಗೆ ಸುರಿದು, ಹಂಚಿದ್ದೇನೆಂದು ಸಹಿ ಹಾಕಿಸಿಕೊಂಡು ಬಂದಿದ್ದರಂತೆ. ಸಾರ್ ಕಣ್ಣಿನಲ್ಲಿ ಈಗ ನಾನೂ ಅದೇ ಸಾಲಿನಲ್ಲಿ ನಿಂತಿದ್ದೆ.

"ಒಂದು ಊರಲ್ಲಿ ಬರಲಿಲ್ಲ ಅಂದ್ರೆ ಒಪ್ಪಬಹುದು. ನಾಲ್ಕು ತಾಲ್ಲೂಕಲ್ಲಿ ಒಂದು ಗಂಟೂ ನಮ್ಮದಲ್ಲ ಅಂದ್ರೆ ಏನರ್ಥಮ್ಮ? ಪ್ಯಾಕೆಟ್ ಹೊಲಕ್ಕೆ ಹೋಗೇ ಇಲ್ಲ ಅಂತ."

"ಕೊಟ್ಟಿದೀನಿ ಸಾರ್. ಎದುರಿಗೆ ಕೂತು ಹಚ್ಚಿಸಿದೀನಿ."

"ಹಾಗಾದ್ರೆ ಬ್ಯಾಕ್ಟೀರಿಯಾ ಎಲ್ಲಿ ಹೋಯ್ತು?"

ಕೆಲಸ ಹೋಗುವುದು ಒಂದು. ಕಳ್ಳಿ ಅನ್ನಿಸಿಕೊಂಡು ಹೋಗುವುದು ಇನ್ನೊಂದು. ಮಧುಗಿರಿಯಿಂದ ದೊಡ್ಡೇರಿಗೆ ಸುದ್ದಿ ಹೋಗಲು ಎಷ್ಟು ಹೊತ್ತು? ನನ್ನನ್ನು ಓದಿಸಬೇಕೆಂದು ಅಪ್ಪ ಎಷ್ಟು ಜನರ ಜೊತೆ ಜಗಳವಾಡಿದ್ದರು... ಆ ಗಳಿಗೆಯಲ್ಲಿ ನನ್ನ ಬಾಯಿಂದ ಒಂದು ಮಾತು ಬಂತು.

"ಸಾರ್, ಸೀರಮ್ಮೇ ಕೆಟ್ಟಿರಬಹುದು. ಬೇಸಿಗೆಯಲ್ಲಿ ಕರೆಂಟ್ ಹೋದಾಗೆಲ್ಲ ಫ್ರಿಜ್ಜು ಬಿಸಿಯಾಗ್ತಿತ್ತು. ಅಕ್ಕ ಅದೇ ಹಳೇದನ್ನ ಹಾಕ್ತಿದಾರೆ."

ಹೇಳಿ ತಿರುಗಿದರೆ ಒಳಕೋಣೆಯ ಬಾಗಿಲಲ್ಲಿ ಅಕ್ಕ. ಕೈಯಲ್ಲಿ ಗಾಜಿನ ಪಟ್ಟಿಗಳ ಟ್ರೇ. ಟ್ರೇಯನ್ನು ಸದ್ದಾಗದ ಹಾಗೆ ಮೇಜಿನ ಮೇಲಿಟ್ಟು ಮೊಲಗಳ ಕಡೆ ಹೋದರು.

ಈಗ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಸೀರಮ್ ಕೆಟ್ಟಿರಲಿಲ್ಲ, ಕೆಟ್ಟಿಲ್ಲವೆಂದು ನನಗೆ ಗೊತ್ತಿತ್ತು. ಮೊಲಕ್ಕೆ ಚುಚ್ಚಿದ ಹದಿನೇಳರ ಸತ್ತ ಬ್ಯಾಕ್ಟೀರಿಯಾ ಒಂದು ಸೀಸೆಯಲ್ಲಿ ಮಿಕ್ಕಿತ್ತು. ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಅಕ್ಕ ಸೀರಮ್ಮನ್ನು ಅದರ ಮೇಲೆ ಹಾಕಿ ಪರೀಕ್ಷಿಸುತ್ತಿದ್ದರು. ಪ್ರತಿದಿನ ಅದು ಸೊಗಸಾಗಿ ಒಡೆಯುತ್ತಿತ್ತು. ಅವತ್ತು ಬೆಳಿಗ್ಗೆಯೂ ಒಡೆದಿತ್ತು. ಪಕ್ಕದಲ್ಲಿ ನಿಂತು ನೋಡಿದ್ದೆ. ಗೊತ್ತಿದ್ದೂ ಅಂದೆ.

ಸೋಮವಾರದೊಳಗೆ ಬರಹದಲ್ಲಿ ವಿವರಣೆ ಕೊಡು ಅಂದರು ಸಾರ್.

ಶನಿವಾರ ನಾನು ಮುಂದಿನ ಕೋಣೆಯಲ್ಲಿ ಕೂತು ಆ ವಿವರಣೆ ಬರೆಯುತ್ತಿದ್ದೆ. ಯಾವ ಊರಿಗೆ ಯಾವ ದಿನ ಹೋದೆ, ಯಾರ ಮನೆಯಲ್ಲಿ ನೀರು ಕುಡಿದೆ, ಎಲ್ಲ ಬರೆದು ಹೊಡೆದು ಹಾಕಿ ಮತ್ತೆ ಬರೆಯುತ್ತಿದ್ದೆ. ಅಕ್ಕ ಬೆಳಿಗ್ಗೆಯಿಂದ ನನ್ನ ಜೊತೆ ಮಾತಾಡಿರಲಿಲ್ಲ. ಊಟದ ಡಬ್ಬಿಯನ್ನು ಒಬ್ಬರೇ ಬಿಚ್ಚಿ ಒಬ್ಬರೇ ಮುಚ್ಚಿದ್ದರು. ಒಳಗೆ ಫ್ರಿಜ್ಜಿನ ಬಾಗಿಲು ತೆಗೆದು ಹಾಕುವ ಸದ್ದು ಮತ್ತೆ ಮತ್ತೆ ಕೇಳುತ್ತಿತ್ತು. ಆಮೇಲೆ ಬಹಳ ಹೊತ್ತು ಏನೂ ಸದ್ದಿಲ್ಲ.

"ಇಲ್ಲಿ ಬಾಮ್ಮಾ."

ಒಳಗೆ ಹೋದೆ. ಅಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಕಟ್ಟೆಯ ಮೇಲೆ ಕಪ್ಪು ಕಾಗದ ಹಾಸಿ ಅದರ ಮೇಲೆ ಮೂರು ಗಾಜಿನ ಪಟ್ಟಿ.

"ಇದು ದಿನಾ ಬೆಳಿಗ್ಗೆ ನೋಡೋ ಹಳೇ ಸೀಸೆದು. ಹದಿನೇಳರ ಸೀರಮ್ ಹಾಕಿದೀನಿ. ಏನಾಗೈತೆ?"

"ಒಡೆದೈತೆ."

"ಇದು ಫ್ರಿಜ್ಜಲ್ಲಿರೋ ಕೊಳವೆದು. ಹದಿನೇಳು ಅಂತ ಲೇಬಲ್ ಐತಲ್ಲ, ಪ್ಯಾಕೆಟ್‌ಗೆ ಕಳ್ಸಿದ್ದು, ಅದ್ರದು. ಅದೇ ಸೀರಮ್."

ಬಗ್ಗಿ ನೋಡಿದೆ. ಹನಿ ಮಬ್ಬಾಗಿ, ನುಣ್ಣಗೆ, ಹಾಗೇ ಇತ್ತು.

"ಒಡೆದಿಲ್ಲ ಅಕ್ಕಾ."

"ಇದು ಹನ್ನೊಂದು ಅಂತ ಲೇಬಲ್ ಇರೋ ಕೊಳವೆದು. ಇದುಕ್ಕೂ ಹದಿನೇಳರ ಸೀರಮ್ಮೇ."

ಮೂರನೆಯ ಪಟ್ಟಿಯ ಮೇಲೆ ಹನಿ ಒಡೆದು, ಕಪ್ಪು ಕಾಗದದ ಮೇಲೆ ಬಿಳಿ ಚೂರುಗಳಾಗಿ ನಿಂತಿತ್ತು. ನನಗೆ ತಕ್ಷಣ ಅರ್ಥವಾಗಲಿಲ್ಲ. ಅಕ್ಕನೇ ಹೇಳಿದರು, ನೆಲ ನೋಡಿಕೊಂಡು.

"ಏಪ್ರಿಲ್‌ನಾಗೆ ಎರಡು ದಿನ ಕರೆಂಟ್ ಇರ್ಲಿಲ್ಲ, ಗ್ಯಾಪಕ ಐತಾ? ಐಸ್ ಎಲ್ಲಾ ಕರಗಿ ನೀರಾಗಿ, ಕೊಳವೆ ಲೇಬಲ್ ಕಿತ್ತು ಬಂದ್ಬುಟ್ಟಿದ್ವು. ಎರಡುಕ್ಕೂ ಹೊಸಾದು ಬರ್ದು ಅಂಟ್ಸಿದ್ದು ನಾನೇ. ಅದುಲು ಬದುಲು ಮಾಡ್ಬುಟ್ಟೆ ಕಣಮ್ಮ. ಹದಿನೇಳು ಅಂತ ನಾನು ಪ್ಯಾಕೆಟ್‌ಗೆ ಕಳ್ಸಿದ್ದು ಹನ್ನೊಂದು."

"ಅಕ್ಕಾ, ಹಂಗಾದ್ರೆ ನನ್ನ ಗಂಟು..."

"ಅದುಕ್ಕೇ ಕರ್ದಿದ್ದು. ತಗೊಂಬಾ ನಿನ್ನ ಸೀಸೆ ಎಲ್ಲಾನೂ."

ಹನ್ನೊಂದರ ಸೀರಮ್ ಫ್ರಿಜ್ಜಿನ ಮೂಲೆಯಲ್ಲಿತ್ತು. ಅದನ್ನು ಆ ವರ್ಷದ ಗಂಟುಗಳ ಮೇಲೆ ಹಾಕಿ ನೋಡಬೇಕೆಂದು ಯಾರಿಗೂ ಹೊಳೆಯುವಂತಿರಲಿಲ್ಲ, ಕೊಟ್ಟೇ ಇಲ್ಲದ ತಳಿಯನ್ನು ಯಾರು ಹುಡುಕುತ್ತಾರೆ? ತೋವಿನಕೆರೆಯ ಅಜ್ಜನ ಹೊಲದ ಗಂಟನ್ನು ಮೊದಲು ಹಿಚುಕಿದೆವು. ಅಕ್ಕ ಪಟ್ಟಿಯನ್ನು ತೂಗಿದರು. ಹನಿಯ ಅಂಚಿನಲ್ಲಿ ಮೊದಲು ಒಂದು ಸಣ್ಣ ಚೂರು, ಆಮೇಲೆ ಇನ್ನೊಂದು, ಆಮೇಲೆ ಇಡೀ ಹನಿ...

"ಒಡೀತು," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಸಂಜೆಯ ತನಕ ಹಾಕಿದೆವು. ಎಲ್ಲ ಗಂಟೂ ಒಡೆಯಲಿಲ್ಲ, ಕೆಲವು ಮಣ್ಣಿನವೇ ಇದ್ದವು. ಆದರೆ ನಾಲ್ಕೂ ತಾಲ್ಲೂಕಿನಿಂದಲೂ ಒಡೆದವು ಸಿಕ್ಕವು. ಪ್ಯಾಕೆಟ್ ಹಾಕದ ಹೊಲಗಳ ಗಂಟುಗಳನ್ನೂ ಒಂದೊಂದಾಗಿ ನೋಡಿದೆವು. ಅವು ಒಂದೂ ಒಡೆಯಲಿಲ್ಲ. ಅಂದರೆ ಈ ಹನ್ನೊಂದು ನಮ್ಮ ಮಣ್ಣಿನಲ್ಲಿ ಮೊದಲೇ ಇದ್ದದ್ದಲ್ಲ, ನಾನು ಕೊಟ್ಟ ಪ್ಯಾಕೆಟ್ಟಿನಿಂದಲೇ ಬಂದದ್ದು. ಬೈಸಿಕೊಂಡು ಕಿತ್ತು ತಂದ ಆ ಪಕ್ಕದ ಹೊಲಗಳ ಗಿಡಗಳೇ ನನ್ನ ಪರವಾಗಿ ಸಾಕ್ಷಿ ಹೇಳಿದವು. ಎಲ್ಲ ಮುಗಿದ ಮೇಲೆ ನಾನು ಕಟ್ಟೆಗೆ ಒರಗಿ ಅತ್ತುಬಿಟ್ಟೆ. ಅಕ್ಕ ಕೈ ತೊಳೆದು ಬಂದು ನನ್ನ ತಲೆಯ ಮೇಲೆ ಒದ್ದೆ ಕೈಯನ್ನೇ ಇಟ್ಟರು.

"ಅಯಿಪೋಯಿಂದಿ ಬುಡಮ್ಮಾ."

ಅತ್ತು ಹಗುರಾದ ಮೇಲೆ ನನಗೆ ಅವರ ಪಾಡು ಹೊಳೆಯಿತು. ನಾನು ಪಾರಾದೆ. ಅಕ್ಕ ಸಿಕ್ಕಿಬಿದ್ದರು. ಒಂದಿಡೀ ವರ್ಷದ ಕೆಲಸವನ್ನು ಬೇರೆ ತಳಿಯ ಮೇಲೆ ಮಾಡಿಸಿದ ತಪ್ಪು ಅವರ ತಲೆಗೆ ಬರುತ್ತಿತ್ತು. ಅವರದೂ ವರ್ಷ ವರ್ಷ ಮುಂದುವರಿಸುವ ಕೆಲಸವೇ. ನಾನು ಹೇಳಿದೆ, "ಅಕ್ಕಾ, ಪ್ಯಾಕೆಟ್‌ನಲ್ಲಿ ಹನ್ನೊಂದು ಐತೆ ಅಂತಷ್ಟೇ ಹೇಳಣ. ಕೊಳವೆ ಲೇಬಲ್ ಸುಮ್ನೆ ಸರಿ ಮಾಡ್ಬುಡಿ. ಪ್ಯಾಕೆಟ್ ಮಾಡೋ ಕಡೇನೇ ತಪ್ಪಾಗೈತೆ ಅಂತ ಸಾರ್ ಅಂದ್ಕೊಳ್ಳಲಿ."

ಅಕ್ಕ ಗಾಜಿನ ಪಟ್ಟಿಗಳನ್ನು ಸೋಪಿನ ನೀರಿಗೆ ಹಾಕುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಅಲ್ಲೂ ಒಬ್ಳು ಇರ್ತಾಳೆ ಕಣಮ್ಮ, ನಿನ್ನಂಗೆ."

ಅಷ್ಟೇ ಅಂದದ್ದು. ನಾನೂ ಪಕ್ಕಕ್ಕೆ ಹೋಗಿ ಪಟ್ಟಿಗಳನ್ನು ಉಜ್ಜತೊಡಗಿದೆ.

ಸೋಮವಾರ ಸಾರ್ ಬರುವುದಕ್ಕೆ ಮೊದಲೇ ಅಕ್ಕ ಕಪ್ಪು ಕಾಗದ ಹಾಸಿ ಎಲ್ಲ ಜೋಡಿಸಿ ಇಟ್ಟಿದ್ದರು. ಸಾರ್ ನಿಂತೇ ಕೇಳಿದರು. ತೋಳು ಮಡಿಚಿ ತಾವೇ ಹನಿ ಹಾಕಿ, ತಾವೇ ಪಟ್ಟಿ ತೂಗಿ, ಎರಡೂ ಕೊಳವೆಗಳನ್ನು ಎರಡೂ ಸೀರಮ್ಮಿಗೆ ಹಚ್ಚಿ ನೋಡಿದರು. ಒಂದು ಗಂಟೆಯಾಯಿತು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ನಿನ್ನ ಮೇಲೆ ಅನುಮಾನ ಪಟ್ಟಿದ್ದು ನನ್ನ ತಪ್ಪಮ್ಮ," ಅಂದರು. ನನ್ನ ವಿವರಣೆಯ ಕಾಗದವನ್ನು ಓದದೆಯೇ ಹಿಂದಕ್ಕೆ ಕೊಟ್ಟರು. ಆಮೇಲೆ ಅಕ್ಕನ ಕಡೆ ತಿರುಗಿದರು. "ಅಕ್ಕ, ಇದನ್ನ ನಾನು ಮೇಲಕ್ಕೆ ಬರೀಲೇಬೇಕು."

"ಬರೀರಿ ಸಾರ್. ನಾನೂ ಅದನ್ನೇ ಅಂದ್ಕೊಂಡಿದ್ದು."

ಆ ಮೇಲಿನ ಒಂದು ತಿಂಗಳು ನನ್ನ ಪಾಲಿಗೆ ನಿಜವಾದ ಶಿಕ್ಷೆ. ಟಪಾಲು ಬಂದ ದಿನವೆಲ್ಲ ನಾನೇ ಮೊದಲು ಓಡಿ ಲಕೋಟೆಗಳ ಮೇಲಿನ ವಿಳಾಸ ನೋಡುತ್ತಿದ್ದೆ. ಅಕ್ಕ ಎಂದಿನಂತೆ ಮೊಲಗಳಿಗೆ ಸೊಪ್ಪು ಹಾಕುತ್ತಿದ್ದರು. ಕೊನೆಗೆ ಕಾಗದ ಬಂತು. ಅಕ್ಕನಿಗೆ ಒಂದು ಮೆಮೊ. ಮೂಲ ಕೊಳವೆಗಳಿರುವ ಫ್ರಿಜ್ಜಿನ ಕೀಲಿ ಇನ್ನು ಸಾರ್ ಹತ್ತಿರ ಇರಬೇಕು. ಕೆಲಸ ಮಾತ್ರ ಮುಂದುವರಿಯುತ್ತದೆ. ಸಾರ್ ತಮ್ಮ ವರದಿಯಲ್ಲಿ ಏನು ಬರೆದಿದ್ದರೋ, ತಪ್ಪನ್ನು ಕಂಡುಹಿಡಿದವರೂ ಅಕ್ಕನೇ ಅಂತ ಒಂದು ಸಾಲು ಆ ಕಾಗದದಲ್ಲೂ ಇತ್ತು. ಓದಿ ಮುಗಿಸಿದ ಅಕ್ಕ ಅದನ್ನು ನಾಲ್ಕು ಮಡಿಕೆ ಮಾಡಿ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡರು. ಆಮೇಲೆ ಚೀಲದಿಂದ ಡಬ್ಬಿ ತೆಗೆದು ನನ್ನ ಕಡೆ ತಳ್ಳಿದರು. ರೊಟ್ಟಿ, ಹುಚ್ಚೆಳ್ಳು ಚಟ್ನಿ. ಒಂದು ತಿಂಗಳಿನ ಮೇಲೆ ಆ ರೊಟ್ಟಿ ನನ್ನ ಗಂಟಲಲ್ಲಿ ಸಲೀಸಾಗಿ ಇಳಿಯಿತು.

ವರ್ಷವೂ ಹಾಳಾಗಲಿಲ್ಲ. ಹದಿನೇಳರ ಪ್ರಯೋಗ ಹನ್ನೊಂದರ ಪ್ರಯೋಗ ಅಂತ ದಾಖಲಾಯಿತು. ರೈತರಿಗೆ ತಿಳಿಸಿ ಬರಬೇಕೆಂದು ನಾನು ಮತ್ತೆ ಸುತ್ತಿದೆ. ತೋವಿನಕೆರೆಯ ಅಜ್ಜನಿಗೆ ಎಲ್ಲ ಬಿಡಿಸಿ ಹೇಳಿ ತಪ್ಪಾಯ್ತು ಅಂದೆ. ಅಜ್ಜ ಒಂದು ಗಿಡ ಕಿತ್ತು ಬೇರು ನೋಡಿ, "ಹನ್ನೊಂದೋ ಹದಿನೇಳೋ, ಇಂಗೆ ಗಂಟು ಕಟ್ಟೈತಲ್ಲಮ್ಮ, ಇನ್ನೇನು?" ಅಂದ.

ಮರುವರ್ಷ ನನಗೆ ಬಿ.ಎಡ್. ಸೀಟು ಸಿಕ್ಕಿತು. ಹೊರಡುವ ದಿನ ಅಕ್ಕನ ಹತ್ತಿರ ಸೀರಮ್ಮಿನ ಮಾತು ಎತ್ತಬೇಕೆಂದು ಬೆಳಿಗ್ಗೆಯಿಂದ ಸುತ್ತಿ ಸುಳಿದೆ. ತಪ್ಪಾಯ್ತು ಅಕ್ಕಾ, ಕೆಟ್ಟಿಲ್ಲ ಅಂತ ಗೊತ್ತಿದ್ದೂ ನಿಮ್ಮ ಮೇಲೆ ಹಾಕಿದೆ... ಅಷ್ಟು ಹೇಳಿದ್ದರೆ ಸಾಕಿತ್ತು. ಮೊಲ, ಬಸ್ಸು, ಅವರ ಮಗಳ ಓದು, ಎಲ್ಲ ಮಾತಾಡಿದೆ. ಅದೊಂದು ಬಿಟ್ಟು. ಆಮೇಲೆ ಎರಡು ಸಲ ಫೋನಿನಲ್ಲಿ ಸಿಕ್ಕರು. ಫ್ರಿಜ್ಜಿನ ಕೀಲಿಯನ್ನು ಸಾರ್ ವಾಪಸ್ ಕೊಟ್ಟರೆಂದು ಎರಡನೆಯ ಸಲ ಹೇಳಿ ನಕ್ಕರು. ಆಗಲೂ ನನಗೆ ಬಾಯಿ ಬರಲಿಲ್ಲ. ಮದುವೆ, ಕೆಲಸ, ಮಕ್ಕಳು... ನಂಬರು ಬದಲಾದವು. ಪ್ರಾಜೆಕ್ಟೂ ಮುಗಿಯಿತು.

ಹೊಳವನಹಳ್ಳಿಯಿಂದ ಮನೆಗೆ ಬಂದ ಆ ಶನಿವಾರ ಹಳೇ ಡೈರಿಗಳನ್ನೆಲ್ಲ ತೆಗೆದೆ. ಒಂದರಲ್ಲಿ ಅಕ್ಕನ ತಮ್ಮನ ನಂಬರು ಸಿಕ್ಕಿತು. ಅವರಿಂದ ಮಗಳ ನಂಬರು. ಈಗ ಪಾವಗಡದಲ್ಲಿ ನರ್ಸಂತೆ. ನನ್ನ ಊರು ಹೇಳಿದ ತಕ್ಷಣ ಆ ಕಡೆಯಿಂದ, "ದೊಡ್ಡೇರಿ ಅಕ್ಕನಾ ನೀವು?" ಅಂತ ದನಿ ಬಂತು. "ಅಮ್ಮ ಹೋಗಿ ಎರಡು ವರ್ಷ ಆಯ್ತಕ್ಕ. ಶುಗರ್ ಇತ್ತಲ್ಲ, ಕಿಡ್ನಿಗೆ ಇಳೀತು."

ಭಾನುವಾರ ಬೆಳಿಗ್ಗೆಯೇ ಪಾವಗಡದ ಬಸ್ಸು ಹತ್ತಿದೆ. ಮಧುಗಿರಿ ದಾಟಿ ಆ ರಸ್ತೆಯಲ್ಲಿ ಹೋಗಿ ಎಷ್ಟೋ ವರ್ಷವಾಗಿತ್ತು. ಪಾವಗಡದ ಸೀಮೆಯಲ್ಲಿ ನಾನು ಗಿಡ ಕಿತ್ತಿದ್ದ ಕೆಲವು ಹೊಲಗಳು ಎಲ್ಲಿವೆಯೆಂದು ಗೊತ್ತಾಗಲಿಲ್ಲ, ಕಣ್ಣು ಹಾಯುವ ತನಕ ಸೋಲಾರ್ ಹಲಗೆಗಳು. ಮಗಳು ಬಸ್ ಸ್ಟ್ಯಾಂಡಿಗೇ ಬಂದಿದ್ದಳು. ನಡಿಗೆ ಥೇಟ್ ಅಕ್ಕನದು. ಮನೆಯಲ್ಲಿ ಗೋಡೆಯ ಮೇಲೆ ಅಕ್ಕನ ಫೋಟೋ, ಅದಕ್ಕೆ ಪ್ಲಾಸ್ಟಿಕ್ ಹೂವಿನ ಹಾರ. ಅದರ ಕೆಳಗೆ ಕೂತು ನಾನು ಹದಿನೈದು ವರ್ಷದಿಂದ ಹೇಳದೆ ಉಳಿಸಿಕೊಂಡದ್ದನ್ನು ಅವರ ಮಗಳಿಗೆ ಹೇಳಿದೆ. ಸೀರಮ್ ಕೆಟ್ಟಿದೆ ಅಂತ ಅಂದದ್ದು, ಬಾಗಿಲಲ್ಲಿ ಅವರು ನಿಂತಿದ್ದದ್ದು, ಎಲ್ಲ.

ಅವಳು ಕೇಳುತ್ತಾ ಕೇಳುತ್ತಾ ನಗತೊಡಗಿದಳು.

"ಅದು ನಮ್ಮನೇಲಿ ಎಲ್ರಿಗೂ ಗೊತ್ತಕ್ಕ. ಅಮ್ಮ ಎಷ್ಟು ಸಲ ಹೇಳೋರು! 'ಆ ಮಾತಿಗೆ ನಂಗೆ ಕೋಪ ಬಂತು ಕಣೇ, ನನ್ನ ಸೀರಮ್ ಕೆಟ್ಟೈತಾ ಅಂತ ಹಟ ಹಿಡ್ದು ಇರೋ ಬರೋದೆಲ್ಲ ಹಾಕಿ ನೋಡ್ದೆ, ಅದುಕ್ಕೇ ಗೊತ್ತಾಯ್ತು, ಇಲ್ಲಾಂದ್ರೆ ಆ ತಪ್ಪು ಹಂಗೇ ಉಳ್ಕೊಂಡಿರೋದು, ಆಯಮ್ಮನೂ ಕಳ್ಳಿ ಅಂತ ಮನೆಗೆ ಹೋಗೋಳು' ಅನ್ನೋರು."

"ಆದ್ರೆ ಕೆಟ್ಟಿಲ್ಲ ಅಂತ ನಂಗೆ ಗೊತ್ತಿತ್ತಮ್ಮ. ಬೇಕಂತ ಅಂದೆ."

"ಅದೂ ಗೊತ್ತಿತ್ತು ಅಮ್ಮಂಗೆ. 'ದಿನಾ ಬೆಳಿಗ್ಗೆ ಪಕ್ಕದಾಗೇ ನಿಂತು ನೋಡ್ತಿತ್ತಲ್ಲ, ಗೊತ್ತಿಲ್ದೇ ಇರ್ತದಾ, ಅಷ್ಟು ಹೆದ್ರಿತ್ತು ಮಗು' ಅನ್ನೋರು. ನಾನು ಪರೀಕ್ಷೆಗೆ ಹೆದರ್ಕೊಂಡು ಏನಾದ್ರೂ ಸುಳ್ಳು ಹೇಳಿದ್ರೆ ನಿಮ್ಮ ಕತೇನೇ ನಂಗೆ."

ಮಗು ಅಂದರಂತೆ. ನನಗಾಗ ಇಪ್ಪತ್ತೆರಡು.

ಮಧ್ಯಾಹ್ನ ಊಟ ಮಾಡಿಸಿಯೇ ಕಳಿಸಿದಳು. ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕೂತು ಸ್ವಲ್ಪ ಹೊತ್ತು ಅತ್ತೆ. ಎದೆಯ ಮೇಲಿಂದ ಏನೋ ಇಳಿದಿತ್ತು. ಆದರೆ ಇಳಿಯಿತು ಅಂತ ಹೇಳಿಕೊಳ್ಳಬೇಕಾದವರು ಎರಡು ವರ್ಷದ ಹಿಂದೆಯೇ ಹೋಗಿಬಿಟ್ಟಿದ್ದರು. ಕ್ಷಮಿಸಿದ್ದೇನೆ ಅಂತ ಅವರೂ ನನಗೆ ಹೇಳಲಿಲ್ಲ, ತಪ್ಪಾಯ್ತು ಅಂತ ನಾನೂ ಅವರಿಗೆ ಹೇಳಲಿಲ್ಲ. ಮಧುಗಿರಿ ಬರುವ ಹೊತ್ತಿಗೆ ಕಣ್ಣು ಹತ್ತಿತ್ತು. ಕೊರಟಗೆರೆಯಲ್ಲಿ ಕಂಡಕ್ಟರ್ ಎರಡು ಸಲ ಕೂಗಿ ಎಬ್ಬಿಸಬೇಕಾಯಿತು. ಅದಕ್ಕೆ ಮೊದಲು ಬಸ್ಸಿನಲ್ಲಿ ನನಗೆ ಎಂದೂ ನಿದ್ದೆ ಬಂದದ್ದಿಲ್ಲ.